ಕನ್ನಡ ಹೆಸರಿನ ಕಡತಗಳನ್ನು ಡಿವಿಡಿಗೆ ಬರೆಯುವುದು ಹೇಗೆ?

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ನಡೆದ ಮದುವೆಯೊಂದರ ಫೋಟೋಗಳು ನಿಮ್ಮ ಕಂಪ್ಯೂಟರಿನಲ್ಲಿವೆ ಎಂದುಕೊಳ್ಳೋಣ. ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೀರಿ. ಲಿನಕ್ಸ್‌ನಲ್ಲಿ ಆದೇಶ ಕೊಟ್ಟು ಡಿವಿಡಿಗೆ ಬರೆದಿರಿ. ತೆರೆದು ನೋಡಿದರೆ ಹೆಸರುಗಳ ಜಾಗದಲ್ಲಿ ಬರೀ ಅಡ್ಡಗೆರೆಗಳು! ಡಿಸ್ಕ್ ಕೆಟ್ಟಿಲ್ಲ, ಆದೇಶದಲ್ಲಿ ಎರಡು ಆಯ್ಕೆಗಳು ಬಿಟ್ಟುಹೋಗಿವೆ, ಅಷ್ಟೆ.

ಡಿವಿಡಿ ಬರೆಯಲು ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ರೋಐಸೋಎಫ್ಎಸ್ ತಂತ್ರಾಂಶದ ಮುಖ್ಯ ಆಯ್ಕೆಗಳನ್ನು ಇಲ್ಲಿ ನೋಡೋಣ. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಜೆ, ಝಡ್, ಎಂ ದೊಡ್ಡಕ್ಷರ, ಆರ್ ಚಿಕ್ಕಕ್ಷರ.

ಹೆಸರು ಉಳಿಸುವ -ಜೆ ಮತ್ತು -ಆರ್

ಡಿಸ್ಕಿನ ಮೂಲ ಮಾನಕವಾದ ಐಎಸ್ಒ 9660ರ ಮೊದಲ ಹಂತದಲ್ಲಿ ಹೆಸರಿಗೆ ಎಂಟೇ ಅಕ್ಷರ, ಅದೂ ಇಂಗ್ಲಿಷಿನದು. -ಜೆ ಕೊಟ್ಟರೆ ವಿಂಡೋಸ್ ಓದುವ ಜೋಲಿಯೆಟ್ ಪಟ್ಟಿಯೂ, -ಆರ್ ಕೊಟ್ಟರೆ ಲಿನಕ್ಸ್ ಓದುವ ರಾಕ್ ರಿಡ್ಜ್ ವಿವರವೂ ಸೇರುತ್ತವೆ. ಎರಡನ್ನೂ ಕೊಡುವುದು ಒಳ್ಳೆಯದು.

ಜೋಲಿಯೆಟ್‌ನಲ್ಲಿ ಹೆಸರಿಗೆ 64 ಸಂಕೇತಗಳ ಮಿತಿಯಿದೆ. 'ಹಿರೇನಲ್ಲೂರು' ನಮ್ಮ ಕಣ್ಣಿಗೆ ಐದು ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲವೂ ಬೇರೆ ಬೇರೆ ಎಣಿಕೆಯಾಗುವುದರಿಂದ ಅದು 11 ಸಂಕೇತ. 'ಲ್ಲೂ' ಒಂದಕ್ಕೇ ನಾಲ್ಕು ಬೇಕು. ಹಾಗಾಗಿ ಕನ್ನಡದ ಹೆಸರು ಚಿಕ್ಕದಾಗಿರಲಿ. ಮಿತಿ ಮೀರಿದ ಭಾಗ ಕತ್ತರಿಸಿಹೋಗುತ್ತದೆ.

-ಝಡ್ ಮತ್ತು -ಎಂ: ಎಚ್ಚರ!

-ಝಡ್ ಎಂದರೆ ಮೊದಲಿನಿಂದ ಬರೆ. -ಎಂ ಎಂದರೆ ಇರುವುದರ ಮುಂದೆ ಸೇರಿಸು. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಿನಲ್ಲಿ -ಎಂ ಬದಲು -ಝಡ್ ಕೊಟ್ಟರೆ ಹಳೆಯ ಫೋಟೋಗಳ ಮೇಲೆಯೇ ಹೊಸವು ಕೂರುತ್ತವೆ. ಇನ್ನೇನೂ ಸೇರಿಸುವುದಿಲ್ಲ ಎಂದಾದರೆ -ಡಿವಿಡಿ-ಕಂಪ್ಯಾಟ್ ಕೊಟ್ಟು ಡಿಸ್ಕನ್ನು ಮುಚ್ಚಬಹುದು. -ಡ್ರೈ-ರನ್ ಎಂಬುದು ಡಿಸ್ಕಿಗೆ ಬರೆಯದೆ ಆದೇಶವನ್ನಷ್ಟೇ ಪರೀಕ್ಷಿಸುತ್ತದೆ.

ನಿಧಾನವಾಗಿ ಬರೆದಷ್ಟೂ ಬಾಳಿಕೆ ಹೆಚ್ಚೇ?

ಇದು ಅರ್ಧ ಸತ್ಯ. ಡಿವಿಡಿಯ 1 ಎಕ್ಸ್ ವೇಗವೆಂದರೆ ಸೆಕೆಂಡಿಗೆ ಸುಮಾರು 1,385 ಕಿಲೋಬೈಟ್. ಒಮ್ಮೆ ಮಾತ್ರ ಬರೆಯುವ ಸಾಮಾನ್ಯ ಡಿಸ್ಕಿನಲ್ಲಿ ಲೇಸರ್ ಬಣ್ಣದ ಪದರವನ್ನು ಬಿಸಿಮಾಡಿ ಗುರುತು ಮೂಡಿಸುತ್ತದೆ. ಆ ಪದರವೂ ಡ್ರೈವೂ ಇಂತಿಷ್ಟು ವೇಗಗಳಿಗೆಂದು ಹೊಂದಿಸಲ್ಪಟ್ಟಿರುತ್ತವೆ. ಅತಿ ವೇಗದಲ್ಲಿ ತಪ್ಪು ಹೆಚ್ಚಬಹುದು, ಆದರೆ ಅತಿ ನಿಧಾನವೇ ಉತ್ತಮವೆಂದೇನೂ ಇಲ್ಲ. -ಸ್ಪೀಡ್ ಆಯ್ಕೆಗೆ ಡಿಸ್ಕಿನ ಮೇಲೆ ಮುದ್ರಿಸಿದ ಗರಿಷ್ಠಕ್ಕಿಂತ ಕಡಿಮೆಯ, ನಡುವಿನ ವೇಗ ಕೊಟ್ಟರೆ ಸಾಕು.

4.7 ಜಿಬಿ ಎಲ್ಲಿ ಹೋಯಿತು?

ಡಬ್ಬಿಯ ಮೇಲಿನ 4.7 ಜಿಬಿ ಎಂದರೆ ಸುಮಾರು 470 ಕೋಟಿ ಬೈಟ್. 1024ರ ಲೆಕ್ಕದಲ್ಲಿ ಅದೇ 4.38 ಆಗಿ ಕಾಣುತ್ತದೆ. ಅಂಗಡಿಯವರ ಮೋಸವಲ್ಲ!

ಬರೆದಾಯಿತು, ಉಳಿಯಿತೇ?

'ಮುಗಿಯಿತು' ಎಂಬ ಸಂದೇಶ ಬಂದರೆ ಬರೆದದ್ದೆಲ್ಲ ಸರಿಯಾಗಿದೆ ಎಂದಲ್ಲ. ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿ. ಬಳಿಕ ಡಿಫ್ ಆದೇಶಕ್ಕೆ -ಆರ್ ಸೇರಿಸಿ, ಮೂಲ ಫೋಲ್ಡರನ್ನೂ ಡಿಸ್ಕನ್ನೂ ಹೋಲಿಸಿ. ಅದು ಏನೂ ಹೇಳದೆ ಸುಮ್ಮನೆ ಮುಗಿದರೆ ಎರಡೂ ಒಂದೇ ಎಂದರ್ಥ. ಕಂಪ್ಯೂಟರಿನಲ್ಲಿರುವ ಫೋಟೋಗಳನ್ನು ಅಳಿಸುವುದಿದ್ದರೆ, ಈ ಪರೀಕ್ಷೆ ಮುಗಿದು, ಬೇರೊಂದು ಕಡೆ ಇನ್ನೊಂದು ಪ್ರತಿ ಇಟ್ಟ ಮೇಲೆಯೇ ಅಳಿಸಿ.