ಕೆರೆದರೆ ಹಳೇ ಕಂಪನಿ

ಬೂದು ಬಣ್ಣದ ಉದ್ದನೆಯ ಪೆಟ್ಟಿಗೆ, ಅದರ ಮೇಲೆ ನೀಲಿ ಚೌಕದೊಳಗೆ ಏಳು ಮೊನೆಯ ಬಿಳಿ ನಕ್ಷತ್ರ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಸಾಗಿದವರಿಗೆಲ್ಲ ಇದು ಪರಿಚಿತ. ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿಯ ಕಂಟೇನರ್. ಆದರೆ ಬಾಗಿಲ ಮೇಲಿನ ನಾಲ್ಕು ಅಕ್ಷರಗಳನ್ನು ಓದಿದರೆ ಕೆಲವೊಮ್ಮೆ ಬೇರೆಯೇ ಕತೆ. ಅಲ್ಲಿ ‘ಪಿಒಎನ್‌ಯು’ ಎಂದಿದ್ದರೆ ಅದು ಪಿ ಅಂಡ್ ಒ ನೆಡ್‌ಲಾಯ್ಡ್ ಕಂಪನಿಯ ಗುರುತು. ಆ ಕಂಪನಿಯನ್ನು ಮೇರ್ಸ್ಕ್ 2005ರಲ್ಲಿ ಕೊಂಡುಕೊಂಡಿತು. ‘ಎಸ್‌ಇಎಯು’ ಎಂದಿದ್ದರೆ ಸೀ-ಲ್ಯಾಂಡ್‌ನದು. ಅದು ಮೇರ್ಸ್ಕ್ ಕೈಸೇರಿದ್ದು 1999ರಲ್ಲಿ. ಬಣ್ಣ ಹೊಸ ಯಜಮಾನನದು, ಇನಿಷಿಯಲ್ ಹಳೇ ಮನೆಯದು.

ಈ ಸೀ-ಲ್ಯಾಂಡ್ ಸಾಮಾನ್ಯ ಹೆಸರಲ್ಲ. ಅದನ್ನು ಕಟ್ಟಿದ ಮಾಲ್ಕಮ್ ಮೆಕ್ಲೀನ್ ಹಡಗಿನವನೇ ಅಲ್ಲ, ಲಾರಿ ಸಾಗಣೆಯವನು. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲದ ಹಡಗಿನ ಮೇಲೆ 58 ಲಾರಿ ಪೆಟ್ಟಿಗೆಗಳನ್ನು ಏರಿಸಿ ಹ್ಯೂಸ್ಟನ್‌ಗೆ ಕಳಿಸಿದ. ಜಗತ್ತಿನ ವ್ಯಾಪಾರದ ಲೆಕ್ಕಾಚಾರ ಬದಲಿಸಿದ ಆ ಪ್ರಯಾಣದ ಬಗ್ಗೆ ಪುಸ್ತಕಗಳೇ ಬಂದಿವೆ. ಬಣ್ಣದ ಕತೆಗೆ ಬೇಕಾದದ್ದು ಒಂದೇ ವಿಷಯ: ಆ ಪೆಟ್ಟಿಗೆಗಳು ಅಲ್ಯೂಮಿನಿಯಮ್‌ನವು. ತುಕ್ಕು ಹಿಡಿಯುವ ಲೋಹವಲ್ಲ, ಹಾಗಾಗಿ ಅಡಿಯಿಂದ ಮುಡಿಯವರೆಗೆ ಬಳಿಯಬೇಕಾದ ಒತ್ತಾಯವಿರಲಿಲ್ಲ. ಹೆಸರು, ನಂಬರು ಬರೆದರೆ ಸಾಕಿತ್ತು.

ಪೇಂಟಿನ ಡಬ್ಬ ಬಂದದ್ದು ಉಕ್ಕಿನ ಹಿಂದೆ. ಉಕ್ಕು ಅಗ್ಗ, ಒಂದರ ಮೇಲೊಂದು ಪೇರಿಸಿದರೂ ತಡೆಯುತ್ತದೆ, ಪೆಟ್ಟು ಬಿದ್ದ ಕಡೆ ಯಾವ ಊರಿನ ವೆಲ್ಡರ್ ಬೇಕಾದರೂ ತೇಪೆ ಹಾಕಬಲ್ಲ. ಕಂಟೇನರ್ ತಯಾರಕರು ಆರಿಸಿಕೊಂಡದ್ದು ಕಾರ್‌ಟೆನ್ ಎಂಬ ಉಕ್ಕನ್ನು. ಅಮೆರಿಕದ ಯು.ಎಸ್. ಸ್ಟೀಲ್ ಕಂಪನಿ 1933ರಲ್ಲಿ ಮಾರುಕಟ್ಟೆಗೆ ತಂದ ಮಿಶ್ರಲೋಹ ಇದು. ತಾಮ್ರ, ಕ್ರೋಮಿಯಮ್ ಬೆರೆತಿರುವುದರಿಂದ ಮೇಲ್ಮೈಯಲ್ಲಿ ಮೊದಲು ಹುಟ್ಟುವ ತುಕ್ಕೇ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. 1964ರಲ್ಲಿ ಇಲಿನಾಯ್ ರಾಜ್ಯದಲ್ಲಿ ಎದ್ದ ಜಾನ್ ಡಿಯರ್ ಟ್ರ್ಯಾಕ್ಟರ್ ಕಂಪನಿಯ ಕೇಂದ್ರ ಕಚೇರಿಗೆ ವಾಸ್ತುಶಿಲ್ಪಿ ಈರೊ ಸಾರಿನೆನ್ ಇದೇ ಉಕ್ಕನ್ನು ಬಳಸಿ, ಬಣ್ಣವಿಲ್ಲದೆ ಬೇಕೆಂದೇ ತುಕ್ಕು ಹಿಡಿಯಲು ಬಿಟ್ಟ. ಇಂದಿಗೂ ಜನ ಅದನ್ನು ನೋಡಿ ಮೆಚ್ಚುತ್ತಾರೆ.

ಸಮುದ್ರದ ಮೇಲೆ ಮಾತ್ರ ಈ ಜಾಣತನ ನಡೆಯುವುದಿಲ್ಲ. ನೆನೆದ ಉಕ್ಕು ಚೆನ್ನಾಗಿ ಒಣಗಿ, ಮತ್ತೆ ನೆನೆದು ಒಣಗಿದರಷ್ಟೇ ಆ ಪದರ ಗಟ್ಟಿಯಾಗುವುದು. ಉಪ್ಪುಗಾಳಿ ಅದನ್ನು ಒಣಗಲು ಬಿಡುವುದಿಲ್ಲ. ತುಕ್ಕು ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಹೀಗಾಗಿ ಬಣ್ಣವಿಲ್ಲದೆಯೂ ಬಾಳಬಲ್ಲ ಉಕ್ಕಿಗೇ ಮೂರು ಪದರ ಬಣ್ಣ. ಮೊದಲು ಸಣ್ಣ ಉಕ್ಕಿನ ಗುಂಡುಗಳನ್ನು ಬೀಸಿ ಮೈ ಉಜ್ಜುತ್ತಾರೆ, ಆಮೇಲೆ ಸತು ತುಂಬಿದ ಪ್ರೈಮರ್, ಅದರ ಮೇಲೆ ಎಪಾಕ್ಸಿ, ಕೊನೆಗೆ ಕಣ್ಣಿಗೆ ಕಾಣುವ ಬಣ್ಣ. ತಳಕ್ಕೆ ಡಾಂಬರಿನಂಥ ಕಪ್ಪು ಲೇಪ. ಗೀರು ಬಿದ್ದ ಜಾಗದಲ್ಲಿ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಮೇಲಿನ ಬಣ್ಣ ಬಿಸಿಲಿಗೆ ಅಡ್ಡ ನಿಲ್ಲುತ್ತದೆ.

ಆ ಮೇಲಿನ ಬಣ್ಣ ಯಾವುದಿರಬೇಕು ಎನ್ನುವಲ್ಲಿ ಕಂಪನಿಗಳು ತಮ್ಮ ಬಾವುಟ ಹಾರಿಸಿದವು. ತೈವಾನಿನ ಎವರ್‌ಗ್ರೀನ್ ಹೆಸರಿಗೆ ತಕ್ಕ ಹಸಿರು, ಜರ್ಮನಿಯ ಹಾಪಾಗ್-ಲಾಯ್ಡ್ ಕಿತ್ತಳೆ, ಹ್ಯಾಂಬುರ್ಗ್ ಸೂಡ್ ಕೆಂಪು, ಫ್ರಾನ್ಸಿನ ಸಿಎಂಎ ಸಿಜಿಎಂ ಕಡುನೀಲಿ. ಮೀನು, ಹಣ್ಣು, ಔಷಧಿ ಒಯ್ಯುವ ಶೀತಲ ಪೆಟ್ಟಿಗೆಗಳು ಸಾಮಾನ್ಯವಾಗಿ ಬಿಳಿ. ಅಲ್ಲಿ ಜಾಹೀರಾತಿಗಿಂತ ಬಿಸಿಲು ಮುಖ್ಯ. ಆದರೆ ಯಾವುದೇ ಯಾರ್ಡಿನಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಹೆಸರೇ ನೆನಪಿರದ ಒಂದು ಕಂದುಗೆಂಪು. ಅವು ಪೆಟ್ಟಿಗೆಗಳನ್ನು ಹಡಗು ಕಂಪನಿಗಳಿಗೆ ಬಾಡಿಗೆಗೆ ಕೊಡುವವರವು. ಇವತ್ತು ಒಬ್ಬರ ಸರಕು, ನಾಳೆ ಇನ್ನೊಬ್ಬರದು, ಬಾವುಟ ಯಾರದೆಂದು ಹಾರಿಸುವುದು? ಅಗ್ಗದ ಬಣ್ಣವಾದರೆ ಸಾಕು. ಆ ಕೆಂಪಿನ ಮೂಲ ಕಬ್ಬಿಣದ ಆಕ್ಸೈಡ್. ಊರಿನ ಪೇಂಟರ್ ಗೇಟಿಗೆ ಮೊದಲು ಹೊಡೆಯುವ ರೆಡ್ ಆಕ್ಸೈಡ್ ಅದೇ; ಕರಾವಳಿಯ ದೇವಸ್ಥಾನದ ಗೋಡೆಗಳ ಕಾವಿ ಚಿತ್ತಾರದ ಕೆಮ್ಮಣ್ಣಿನ ಕೆಂಪೂ ಅದರ ದಾಯಾದಿಯೇ. ತುಕ್ಕನ್ನು ತಡೆಯಲು ತುಕ್ಕಿನದೇ ಬಣ್ಣ. ಮುಂದೆ ನಿಜವಾದ ತುಕ್ಕು ಬಂದರೂ ದೂರಕ್ಕೆ ಗೊತ್ತಾಗುವುದಿಲ್ಲ ಎಂಬ ಲಾಭ ಬೇರೆ.

ಬಣ್ಣ ಬದಲಾದರೂ ಪೆಟ್ಟಿಗೆ ಕಳೆದುಹೋಗದಂತೆ ನೋಡಿಕೊಳ್ಳುವುದು ಅದರ ಮೇಲಿನ ನಂಬರು. ನಾಲ್ಕು ಅಕ್ಷರ, ಆರು ಅಂಕಿ, ಕೊನೆಯಲ್ಲಿ ಚೌಕದೊಳಗೆ ಒಂದು ತಾಳೆ ಅಂಕಿ. ಅಕ್ಷರಗಳ ದಾಖಲೆ ಇಡುವುದು 1933ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಬಿಐಸಿ ಎಂಬ ಸಂಸ್ಥೆ. ತಾಳೆ ಅಂಕಿಯ ಲೆಕ್ಕ ಸೊಗಸಾಗಿದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಅದನ್ನೂ ಅಂಕಿಗಳನ್ನೂ ಸ್ಥಾನಕ್ಕೆ ತಕ್ಕಂತೆ 1, 2, 4, 8 ಹೀಗೆ ದುಪ್ಪಟ್ಟಾಗುವ ಸಂಖ್ಯೆಗಳಿಂದ ಗುಣಿಸಿ, ಎಲ್ಲ ಕೂಡಿ 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಅಂಕಿ. ‘ಸಿಎಸ್‌ಕ್ಯೂಯು 305438’ಕ್ಕೆ ಮೊತ್ತ 6185, ಶೇಷ 3. ಕೊರೆಯಚ್ಚು ಹಿಡಿದು ಬರೆಯುವವನು ಒಂದು ಅಂಕಿ ತಪ್ಪಿದರೂ ಬಂದರಿನಲ್ಲಿ ಸಾಮಾನ್ಯವಾಗಿ ತಾಳೆ ಬೀಳುವುದಿಲ್ಲ. ಬಣ್ಣ ಬಳಿಯುವವನ ಕೈತಪ್ಪನ್ನು ಹಿಡಿಯಲು ಗಣಿತ ಕಾವಲು ಕೂತಿರುವ ಕಸುಬುಗಳು ಹೆಚ್ಚಿಲ್ಲ.

ಇಷ್ಟೆಲ್ಲ ಇದ್ದೂ ದುಡಿಯುವ ಕಂಟೇನರ್‌ಗೆ ಪೂರ್ತಿ ಮರುಬಣ್ಣದ ಭಾಗ್ಯ ಸಿಗುವುದು ಅಪರೂಪ. ಬಾಡಿಗೆ ವ್ಯವಹಾರದಲ್ಲಿ ಸಾಧಾರಣ ತುಕ್ಕನ್ನು ಬಳಕೆಯ ಸವೆತವೆಂದು ಎಣಿಸುತ್ತಾರೆ. ಗುಳಿ ಬಿದ್ದರೆ, ತೂತಾದರೆ ಬಾಡಿಗೆದಾರ ದಂಡ ಕಟ್ಟಬೇಕು, ತುಕ್ಕಿಗೆ ಕಟ್ಟಬೇಕಿಲ್ಲ. ಯಾರ ಜೇಬಿಗೂ ಭಾರವಾಗದ ತುಕ್ಕನ್ನು ಯಾರು ತಾನೆ ಕೆರೆಯುತ್ತಾರೆ? ವೆಲ್ಡಿಂಗ್ ಆದ ಜಾಗವನ್ನು ಗ್ರೈಂಡರ್‌ನಿಂದ ತಿಕ್ಕಿ, ಪ್ರೈಮರ್ ಹಚ್ಚಿ, ಕೈಗೆ ಸಿಕ್ಕಿದ ಹತ್ತಿರದ ಬಣ್ಣವನ್ನು ಬಳಿದು ಮುಂದೆ ಕಳಿಸುತ್ತಾರೆ. ಹಳೆಯ ಪೆಟ್ಟಿಗೆಗಳ ಮೈಮೇಲಿನ ತೇಪೆಗಳಿಗೆ ಇದೇ ಕಾರಣ. ಮೊದಲ ಬಣ್ಣ ಉಪ್ಪಿಗಾಗಿ, ಪೂರ್ತಿ ಮರುಬಣ್ಣ ಸಿಕ್ಕರೆ ಅದು ಬಹುಪಾಲು ಹೆಸರಿಗಾಗಿ.

ಹೆಸರುಗಳೋ, ಪೆಟ್ಟಿಗೆಗಳಿಗಿಂತ ಬೇಗ ಸಾಯುತ್ತವೆ. 2016ರ ಆಗಸ್ಟ್ ಕೊನೆಯಲ್ಲಿ ದಕ್ಷಿಣ ಕೊರಿಯಾದ ಹಾಂಜಿನ್ ಹಡಗು ಕಂಪನಿ ಕೈಚೆಲ್ಲಿದಾಗ ಸುಮಾರು 1,400 ಕೋಟಿ ಡಾಲರ್ ಬೆಲೆಯ ಸರಕು ನಡುನೀರಿನಲ್ಲಿ ಸಿಕ್ಕಿಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಯಿತು. ಅದರ ಹೆಸರು ಹೊತ್ತ ಪೆಟ್ಟಿಗೆಗಳು ಬಂದರುಗಳಲ್ಲಿ ಉಳಿದವು. 2017ರಲ್ಲಿ ಜಪಾನಿನ ಎನ್‌ವೈಕೆ, ಎಂಒಎಲ್, ಕೆ ಲೈನ್ ತಮ್ಮ ಕಂಟೇನರ್ ವ್ಯವಹಾರ ಕೂಡಿಸಿ ‘ಒನ್’ ಎಂಬ ಹೊಸ ಕಂಪನಿ ಮಾಡಿದವು. ಮರುವರ್ಷ ಏಪ್ರಿಲ್‌ನಲ್ಲಿ ಕೆಲಸ ಶುರು. ಅದರ ಪೆಟ್ಟಿಗೆಗಳಿಗೆ ಕಣ್ಣು ಕುಕ್ಕುವ ಗುಲಾಬಿ. ಕೆ ಲೈನಿನ ಕೆಂಪು, ಎಂಒಎಲ್‌ನ ಮೊಸಳೆ ಚಿತ್ರ ಹೊತ್ತವು ಮಾತ್ರ ಆಮೇಲೂ ಓಡಾಡುತ್ತಲೇ ಇದ್ದವು.

ಜಗತ್ತಿನ ಬಹುತೇಕ ಕಂಟೇನರ್‌ಗಳು ಇಂದು ಹುಟ್ಟುವುದು ಚೀನಾದಲ್ಲಿ. ಅಲ್ಲಿನ ಕಾರ್ಖಾನೆಗಳಲ್ಲಿ ಬಣ್ಣಕ್ಕೆ ಬೆರೆಸುತ್ತಿದ್ದ ದ್ರಾವಕಗಳ ಆವಿ ಕಾರ್ಮಿಕರ ಎದೆಗೂ ಊರಿನ ಗಾಳಿಗೂ ಸೇರುತ್ತಿತ್ತು. ತಯಾರಕರ ಸಂಘ ಒಪ್ಪಂದ ಮಾಡಿಕೊಂಡು 2017ರ ಏಪ್ರಿಲ್‌ನಿಂದ ನೀರು ಬೆರೆಸಿದ ಬಣ್ಣಕ್ಕೆ ಹೊರಳಿತು. ನೀರಿನ ಬಣ್ಣ ತೇವದ ಹವೆಯಲ್ಲಿ ಬೇಗ ಒಣಗದು. ಬಿಸಿಗಾಳಿಯ ವ್ಯವಸ್ಥೆ ಬೇಕಾಯಿತು, ಖರ್ಚು ಏರಿತು. ಈ ಕಸುಬಿನ ದೊಡ್ಡ ತಿರುವು ಇದೇ ಇರಬೇಕು, ಹೊರಗಿನಿಂದ ನೋಡುವವರಿಗೆ ಒಂದಿಷ್ಟೂ ವ್ಯತ್ಯಾಸ ಕಾಣದಿದ್ದರೂ.

ಭಾರತಕ್ಕೆ ಕಂಟೇನರ್ ಬಂದದ್ದು 1973ರಲ್ಲಿ, ಕೊಚ್ಚಿ ಬಂದರಿಗೆ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ತೆರೆಯಿತು. ಕಸ್ಟಮ್ಸ್ ಮುದ್ರೆ ಬಿದ್ದ ಪೆಟ್ಟಿಗೆಗಳು ಇಲ್ಲಿಂದ ರೈಲಿನಲ್ಲಿ ಬಂದರಿಗೆ ಹೋಗುತ್ತಿದ್ದವು. ಹತ್ತು ಹದಿನೈದು ವರ್ಷ ದುಡಿದು ನಿವೃತ್ತವಾದವು ಈಗ ಸೈಟ್ ಆಫೀಸು, ಚಹಾದಂಗಡಿ, ಗೋದಾಮುಗಳಾಗಿವೆ. ಮಾರುವ ಕಂಪನಿ ಸಾಮಾನ್ಯವಾಗಿ ಒಂದು ಷರತ್ತು ಹಾಕುತ್ತದೆ: ನಮ್ಮ ಹೆಸರು, ನಂಬರು ಎರಡನ್ನೂ ಅಳಿಸಬೇಕು. ಕೊಂಡವನು ಸ್ಟಿಕರ್ ಅಕ್ಷರಗಳನ್ನು ಬಿಸಿಗಾಳಿ ಬಿಟ್ಟು ಸುಲಿಯುತ್ತಾನೆ. ಸುತ್ತಲ ಬಣ್ಣವೆಲ್ಲ ಬಿಸಿಲಿಗೆ ಮಂಕಾಗಿರುತ್ತದೆ, ಸ್ಟಿಕರ್ ಅಡಿಯದು ಮಾತ್ರ ಕಾರ್ಖಾನೆಯಿಂದ ಬಂದ ದಿನದಷ್ಟೇ ಹೊಸದು. ಹೀಗಾಗಿ ಕಿತ್ತ ಮೇಲೂ ಆ ಹೆಸರು ಅಲ್ಲೇ ಇರುತ್ತದೆ, ಮೊದಲಿಗಿಂತ ಕಡುವಾಗಿ. ಪೇಂಟರ್ ಮತ್ತೊಂದು ಡಬ್ಬ ತೆರೆಯುತ್ತಾನೆ.