ಎಲುಬು ಒಪ್ಪಿದ ಹಲ್ಲು

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಮ್ಮ ಹಿರಿಯರು ಹಲ್ಲಿನ ಬೆಲೆಯನ್ನು ಕಡಲೆಯಿಂದ ಅಳೆದರು. ಆದರೆ ವ್ಯಾಕರಣದ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಹಲ್ಲೆಂದೊಡನೆ ನೆನಪಾಗುವುದು ಕಡಲೆಯಲ್ಲ, ತವರ್ಗ. ತ, ಥ, ದ, ಧ, ನ ಎಂಬ ಐದಕ್ಷರಗಳೂ ಅವುಗಳೊಡನೆ ಲಕಾರ ಸಕಾರಗಳೂ ಹಲ್ಲಿನ ನೆರವಿಲ್ಲದೆ ಸ್ವಚ್ಛವಾಗಿ ಹುಟ್ಟಲಾರವು. ಪಾಣಿನೀಯ ಶಿಕ್ಷೆಯು ವರ್ಣಗಳಿಗೆ ಎಂಟು ಸ್ಥಾನಗಳನ್ನು ಹೇಳುವಾಗ ದಂತವನ್ನೂ ಒಂದಾಗಿ ಎಣಿಸಿದೆ. ಹಲ್ಲೆಲ್ಲ ಬಿದ್ದವನಿಗೆ ಕಡಲೆ ದೂರವಾಗುವುದಷ್ಟೇ ಅಲ್ಲ. ಅಕ್ಷರಮಾಲೆಯ ಒಂದು ಸಾಲೇ ಸಡಿಲವಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ೧೯೮೮ರ ಶ್ರಾವಣ ಮಾಸ. ನನಗೆ ಪಂಡಿತ ತರಗತಿಯಲ್ಲಿ ಪಾಠ ಹೇಳಿದ ಗುರುಗಳು ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಎಂದಿನಂತೆ ಭಾರತ ವಾಚನಕ್ಕೆ ಕುಳಿತಿದ್ದರು. ಆ ಹೊತ್ತಿಗೆ ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೂ ಉಳಿದಿರಲಿಲ್ಲ. ಎರಡು ದವಡೆಗೂ ಸೆಟ್ಟು ಕಟ್ಟಿಸಿಕೊಂಡಿದ್ದರು. ಸ್ವರವೆತ್ತಿ ‘ಧೃತರಾಷ್ಟ್ರ’ ಎನ್ನುವಾಗ ಕೆಳಗಿನ ಸೆಟ್ಟು ಜಾರಿ, ಬಾಯಿಂದ ಹೊರಬಿದ್ದು, ವ್ಯಾಸಪೀಠದ ಮೇಲೆ ಕಟ್ಟೆಂದಿತು. ಹುಡುಗರು ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಗುರುಗಳು ಅದನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು, ಪುಸ್ತಕ ಮುಚ್ಚಿ, ನಮಸ್ಕಾರ ಮಾಡಿ ಎದ್ದರು. ಆಮೇಲೆ ಅವರು ಸಭೆಯಲ್ಲಿ ಓದಲೇ ಇಲ್ಲ.

ವಾಚಕರೆ, ಸೆಟ್ಟೇಕೆ ಜಾರಿತು ಎಂಬ ಪ್ರಶ್ನೆ ಬಹಳ ವರ್ಷ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ದೊರೆತದ್ದು ಮನುಷ್ಯರ ಒಂದು ದೀರ್ಘವಾದ ಇತಿಹಾಸ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಳೆದುಹೋದ ಹಲ್ಲಿಗೆ ಬದಲಿ ಹಲ್ಲು ಕಟ್ಟುವ ಯತ್ನ ಬಹಳ ಹಳೆಯದು. ಇಟಲಿಯಲ್ಲಿ ರೋಮನರಿಗಿಂತ ಮುಂಚೆ ಬಾಳಿದ ಎಟ್ರಸ್ಕನ್ ಜನ, ಕ್ರಿಸ್ತಪೂರ್ವ ಏಳನೆಯ ಶತಮಾನದ ಸುಮಾರಿಗೇ, ತೆಳುವಾದ ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಜಪಾನಿನಲ್ಲಿ ಹದಿನಾರನೆಯ ಶತಮಾನದಲ್ಲಿ ಗಟ್ಟಿಮರವನ್ನು ಬಾಯಿಯ ಅಳತೆಗೆ ಕೆತ್ತಿ ಇಡೀ ಸೆಟ್ಟನ್ನು ಮಾಡುತ್ತಿದ್ದರು. ೧೫೩೮ರಲ್ಲಿ ತೀರಿಕೊಂಡ ಬೌದ್ಧ ಸನ್ಯಾಸಿನಿಯೊಬ್ಬಳ ಮರದ ಸೆಟ್ಟು ಇಂದಿಗೂ ಉಳಿದು ಬಂದಿದೆ. ಫ್ರಾನ್ಸಿನ ಪಿಯೆರ್ ಫೋಶಾರ್ ೧೭೨೮ರಲ್ಲಿ ದಂತವೈದ್ಯವನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನೇ ಬರೆದನು. ಮೇಲಿನ ಸೆಟ್ಟು ಕೆಳಗೆ ಬೀಳದಂತೆ ಉಕ್ಕಿನ ಸ್ಪ್ರಿಂಗುಗಳಿಂದ ತಡೆದು ನಿಲ್ಲಿಸುವ ಉಪಾಯವನ್ನು ಅದರಲ್ಲಿ ವಿವರಿಸಿದ್ದಾನೆ.

ಅಂಥ ಸ್ಪ್ರಿಂಗಿನ ಸೆಟ್ಟನ್ನು ಧರಿಸಿದವರಲ್ಲಿ ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪ್ರಸಿದ್ಧ. ೧೭೮೯ರಲ್ಲಿ ಆತ ಅಧಿಕಾರ ಸ್ವೀಕರಿಸಿದಾಗ ಬಾಯಲ್ಲಿದ್ದ ಸ್ವಂತ ಹಲ್ಲು ಒಂದೇ ಒಂದು. ಆತನದು ಮರದ ಹಲ್ಲೆಂಬ ಮಾತು ದಂತಕಥೆ; ಹಲ್ಲಿನ ಕಥೆಗೆ ಆ ಪದ ಚೆನ್ನಾಗಿ ಒಪ್ಪುತ್ತದೆ! ನಿಜವಾಗಿ ಅವು ನೀರಾನೆಯ ದಂತ, ಪ್ರಾಣಿಗಳ ಹಲ್ಲು, ಮನುಷ್ಯರ ಹಲ್ಲು, ಸೀಸ, ಚಿನ್ನದ ತಂತಿ ಇವುಗಳಿಂದ ಆದವು. ಮನುಷ್ಯರ ಹಲ್ಲು ಎಲ್ಲಿಂದ ಬಂತು? ಒಂಬತ್ತು ಹಲ್ಲುಗಳಿಗಾಗಿ ಕರಿಯ ಗುಲಾಮರಿಗೆ ಹಣ ಕೊಟ್ಟ ಲೆಕ್ಕವೊಂದು ೧೭೮೪ರ ಆತನ ಮನೆಯ ಖರ್ಚಿನ ಪುಸ್ತಕದಲ್ಲಿದೆ. ಯೂರೋಪಿನಲ್ಲಿಯೂ ಬಡವರು ತಮ್ಮ ಹಲ್ಲನ್ನು ಮಾರುತ್ತಿದ್ದರು. ೧೮೧೫ರ ವಾಟರ್‌ಲೂ ಯುದ್ಧದಲ್ಲಿ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಇಂಗ್ಲೆಂಡಿನ ಅಂಗಡಿಗಳಿಗೆ ಬಂದುವು. ‘ವಾಟರ್‌ಲೂ ಹಲ್ಲು’ ಎಂಬ ಹೆಸರೇ ಬಳಕೆಗೆ ಬಂತು. ಒಬ್ಬರ ಬಾಯಿ ತುಂಬುವುದಕ್ಕೆ ಇನ್ನೊಬ್ಬರ ಬಾಯಿ ಬರಿದಾಗಬೇಕಾಗಿದ್ದ ಕಾಲ ಅದು.

ಈ ಪಾಪ ತಪ್ಪಿದ್ದು ಪಿಂಗಾಣಿಯಿಂದ. ೧೭೭೦ರ ದಶಕದಲ್ಲಿ ಫ್ರಾನ್ಸಿನ ಔಷಧ ವ್ಯಾಪಾರಿ ದುಶಾತೋ ಎಂಬಾತ ನಾರುತ್ತಿದ್ದ ತನ್ನ ದಂತದ ಸೆಟ್ಟಿಗೆ ಬೇಸತ್ತು ಪಿಂಗಾಣಿಯ ಸೆಟ್ಟನ್ನು ಮಾಡಿಸಿದನು. ಮುಂದಿನ ಶತಮಾನದಲ್ಲಿ ಪಿಂಗಾಣಿ ಹಲ್ಲುಗಳು ಬಳಕೆಗೆ ಬಂದುವು. ೧೮೪೬ರಲ್ಲಿ ಈಥರ್ ಮದ್ದಿನ ಗುಣ ಎಲ್ಲರಿಗೂ ತಿಳಿದು, ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವುದು ಸಾಧ್ಯವಾಯಿತು. ೧೮೫೦ರ ದಶಕದಲ್ಲಿ ಗಟ್ಟಿಗೊಳಿಸಿದ ರಬ್ಬರಿನ ತಳಪಾಯ ಬಂದು ಬೆಲೆ ಇಳಿಯಿತು. ೧೯೩೦ರ ದಶಕದಿಂದೀಚೆಗೆ ರಬ್ಬರಿನ ಜಾಗವನ್ನು ಗುಲಾಬಿ ಬಣ್ಣದ ಅಕ್ರಿಲಿಕ್ ಆಕ್ರಮಿಸಿತು. ನಮ್ಮ ಮನೆಗಳಲ್ಲಿ ರಾತ್ರಿ ನೀರಿನ ಲೋಟದಲ್ಲಿ ನಗುತ್ತ ಮಲಗುವ ಸೆಟ್ಟು ಈ ಜಾತಿಯದು.

ವಸ್ತು ಬದಲಾಯಿತು, ಬೆಲೆ ಇಳಿಯಿತು, ರೂಪವೂ ಸುಧಾರಿಸಿತು. ಆದರೆ ಒಂದು ಮಾತು ಮಾತ್ರ ಎರಡೂವರೆ ಸಾವಿರ ವರ್ಷವಾದರೂ ಬದಲಾಗಲಿಲ್ಲ. ಲೋಪವಾದ ಹಲ್ಲಿನ ಸ್ಥಾನಕ್ಕೆ ಬಂದ ಈ ಆದೇಶಗಳೆಲ್ಲ ಒಸಡಿನ ಮೇಲೆ ಕುಳಿತ ಅತಿಥಿಗಳು, ಬೇರಿಲ್ಲದವು. ಬೇರಿಲ್ಲದಿದ್ದರೆ ಏನಾಗುತ್ತದೆ? ಹಲ್ಲಿನ ಬೇರು ಎಲುಬಿನೊಳಗೆ ಇರುವವರೆಗೆ, ಅಗಿಯುವಾಗಿನ ಒತ್ತಡ ಎಲುಬಿಗೆ ತಲಪಿ ಅದನ್ನು ಜೀವಂತವಾಗಿ ಇಡುತ್ತದೆ. ಬೇರು ಹೋದ ಮೇಲೆ, ಕೇಳುವವರಿಲ್ಲದ ಗದ್ದೆಯ ಬದು ಮಳೆಗೆ ಕರಗುವಂತೆ, ದವಡೆಯ ಏರು ವರ್ಷವರ್ಷವೂ ಸವೆಯುತ್ತದೆ. ಟಾಲ್‌ಗ್ರೆನ್ ಎಂಬ ವಿದುಷಿ ಸೆಟ್ಟು ಧರಿಸಿದವರನ್ನು ಇಪ್ಪತ್ತೈದು ವರ್ಷಗಳವರೆಗೆ ಪರೀಕ್ಷಿಸಿ ೧೯೭೨ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕೆಳದವಡೆಯ ಸವೆತ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಮೇಲಿನ ಸೆಟ್ಟಿಗೆ ಅಂಗಳವನ್ನೆಲ್ಲ ಆವರಿಸಿ ಎಂಜಲಿನ ಪೊರೆಯಿಂದ ಅಂಟಿಕೊಳ್ಳುವ ಅನುಕೂಲ ಉಂಟು. ಕೆಳಗಿನದಕ್ಕೆ ಆ ಅನುಕೂಲವೂ ಇಲ್ಲ. ಲಾಳದ ಆಕಾರದ ಸಣ್ಣ ಬದುವಿನ ಮೇಲೆ ಕೂತ ಅದನ್ನು ನಾಲಗೆ ಒಳಗಿನಿಂದಲೂ ಕೆನ್ನೆ ಹೊರಗಿನಿಂದಲೂ ನೂಕುತ್ತಿರುತ್ತವೆ. ನಮ್ಮ ಗುರುಗಳ ಸೆಟ್ಟು ಜಾರಿದುದರಲ್ಲಿ ಅವರ ತಪ್ಪೂ ಇರಲಿಲ್ಲ, ಕಟ್ಟಿದ ವೈದ್ಯನ ತಪ್ಪೂ ಇದ್ದಿರಲಾರದು. ಬದು ಕರಗಿತ್ತು.

ಹಾಗಾದರೆ ಎಲುಬಿನೊಳಕ್ಕೇ ಬೇರು ನೆಡಬಾರದೇಕೆ? ಈ ಯೋಚನೆಯೂ ಹೊಸದಲ್ಲ. ೧೯೩೧ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ, ಸುಮಾರು ಕ್ರಿ. ಶ. ೬೦೦ರ ಕಾಲದ ಮಾಯಾ ಜನರ ದವಡೆಯ ಎಲುಬೊಂದು ಸಿಕ್ಕಿತು. ಅದರ ಮುಂಭಾಗದಲ್ಲಿ ಮೂರು ಹಲ್ಲುಗಳ ಸ್ಥಾನದಲ್ಲಿ ಹಲ್ಲಿನಂತೆ ತಿದ್ದಿದ ಚಿಪ್ಪಿನ ತುಣುಕುಗಳಿದ್ದುವು. ಹೆಣಕ್ಕೆ ಮಾಡಿದ ಅಲಂಕಾರವೆಂದು ಮೊದಲು ಭಾವಿಸಿದ್ದರು. ೧೯೭೦ರ ದಶಕದಲ್ಲಿ ಎಕ್ಸ್‌ರೇ ತೆಗೆದು ನೋಡಿದಾಗ ಅವುಗಳ ಸುತ್ತ ಎಲುಬು ಬೆಳೆದಿದ್ದುದು ಕಂಡಿತು. ಅಂದರೆ ಬದುಕಿದ್ದ ಮನುಷ್ಯನಿಗೇ ಆ ಚಿಪ್ಪನ್ನು ನೆಟ್ಟಿದ್ದರು, ಎಲುಬು ಅದನ್ನು ಒಪ್ಪಿಕೊಂಡಿತ್ತು! ಆದರೆ ಆ ವಿದ್ಯೆ ಆ ಜನರೊಡನೆಯೇ ಮರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವೈದ್ಯರು ಬೇರೆ ಬೇರೆ ಲೋಹಗಳ ಬುಟ್ಟಿ, ತಿರುಪು, ಅಲಗುಗಳನ್ನು ದವಡೆಗೆ ಇಳಿಸಿ ನೋಡಿದರು. ಕೆಲವು ಕೆಲಕಾಲ ನಿಂತುವು. ಬಹುಪಾಲಿನ ಸುತ್ತ ದೇಹವು ನಾರಿನಂಥ ಪೊರೆಯನ್ನು ಕಟ್ಟಿ, ‘ನೀನು ಹೊರಗಿನವನು’ ಎಂದು ಬೇರೆಯಾಗಿ ಇಟ್ಟಿತು. ಎಲುಬು ಲೋಹದೊಡನೆ ಎಂದಿಗೂ ಕೂಡಲಾರದೆಂದು ಪಾಠಪುಸ್ತಕಗಳೇ ಹೇಳತೊಡಗಿದುವು.

ಈ ಮಾತು ಸುಳ್ಳಾದುದು ಹಲ್ಲಿನ ವೈದ್ಯರಿಂದಲ್ಲ. ೧೯೫೨ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆಂದು ನೋಡಹೊರಟಿದ್ದನು. ಅದಕ್ಕಾಗಿ ಮೊಲದ ಕಾಲಿನ ಎಲುಬಿನಲ್ಲಿ ಸಣ್ಣ ಕಿಟಕಿಯಂಥ ಟೈಟೇನಿಯಂ ಉಪಕರಣವೊಂದನ್ನು ಕೂಡಿಸಿದನು. ಕೆಲಸ ಮುಗಿದ ಮೇಲೆ ಬೆಲೆಬಾಳುವ ಉಪಕರಣವನ್ನು ಬಿಚ್ಚಿಕೊಳ್ಳಹೋದರೆ ಅದು ಬರಲೊಲ್ಲದು! ಎಲುಬು ಲೋಹಕ್ಕೆ ಕಚ್ಚಿಕೊಂಡು ಬೆಳೆದಿತ್ತು. ಬೇರೊಬ್ಬನಾಗಿದ್ದರೆ ಹಾಳಾದ ಉಪಕರಣಕ್ಕಾಗಿ ಹಲುಬುತ್ತಿದ್ದನೋ ಏನೋ. ಈತ ಏಕೆ ಹೀಗಾಯಿತೆಂದು ಕೇಳಿದನು. ಉತ್ತರಕ್ಕಾಗಿ ಹದಿಮೂರು ವರ್ಷ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದನು.

ಟೈಟೇನಿಯಂ ನಮಗೆ ತೀರ ಅಪರಿಚಿತವಲ್ಲ. ಅದರ ಅದಿರು ಕೇರಳದ ಕಡಲತೀರದ ಕಪ್ಪು ಮರಳಿನಲ್ಲಿ ಇದೆ. ಗಾಳಿ ಸೋಕಿದೊಡನೆ ಈ ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪದರ ಕಟ್ಟುತ್ತದೆ. ಆ ಪದರದ ಮೇಲೆ ಎಲುಬು ಹಗೆತನವಿಲ್ಲದೆ ಬೆಳೆಯಬಲ್ಲದು. ಆದರೆ ಲೋಹ ಒಂದರಿಂದಲೇ ಕಾರ್ಯ ಸಿದ್ಧಿಸುವುದಿಲ್ಲ. ರಂಧ್ರ ಕೊರೆಯುವಾಗ ಎಲುಬು ಬಿಸಿಯಾಗಕೂಡದು. ೪೭ ಡಿಗ್ರಿ ಸೆಲ್ಸಿಯಸ್ ಕಾವು ಒಂದು ನಿಮಿಷ ತಗಲಿದರೂ ಅದಕ್ಕೆ ಹಾನಿಯೆಂದು ೧೯೮೩ರಲ್ಲಿ ತೋರಿಸಿದ್ದಾರೆ. ಆದುದರಿಂದ ಉಪ್ಪುನೀರನ್ನು ಹಾಯಿಸುತ್ತ ಮೆಲ್ಲಮೆಲ್ಲನೆ ಕೊರೆಯಬೇಕು. ತಿರುಪನ್ನು ಕೂಡಿಸಿ, ಒಸಡನ್ನು ಮುಚ್ಚಿ ಹೊಲಿದು, ಆಮೇಲೆ ಕಾಯಬೇಕು. ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಎಂದು ಬ್ರೋನೆಮಾರ್ಕ್ ಗೊತ್ತುಮಾಡಿದ್ದನು. ಹಿಂದಿನವರು ಹೆಚ್ಚಾಗಿ ಸೋತದ್ದು ಇಲ್ಲಿಯೇ. ಅವರಿಗೆ ಅವಸರವಿತ್ತು. ನೆಟ್ಟ ಸಸಿಯನ್ನು ದಿನವೂ ಅಲ್ಲಾಡಿಸಿ ಬೇರು ಬಿಟ್ಟಿತೆ ಎಂದು ನೋಡುವವನ ತೋಟದಲ್ಲಿ ಯಾವ ಸಸಿ ತಾನೆ ನಿಂತೀತು?

೧೯೬೫ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಗೋಸ್ಟಾ ಲಾರ್ಸನ್ ಎಂಬಾತ ಈ ಚಿಕಿತ್ಸೆಗೆ ಒಡ್ಡಿಕೊಂಡ ಮೊದಲ ಮನುಷ್ಯನಾದನು. ಹುಟ್ಟಿನಿಂದಲೇ ಆತನ ದವಡೆ ವಿಕಾರವಾಗಿತ್ತು, ಕೆಳಗೆ ಹಲ್ಲುಗಳಿರಲಿಲ್ಲ, ಅಗಿಯುವುದೂ ಮಾತಾಡುವುದೂ ಕಷ್ಟ. ಆತನ ಕೆಳದವಡೆಗೆ ನಾಲ್ಕು ಟೈಟೇನಿಯಂ ತಿರುಪುಗಳನ್ನು ನೆಟ್ಟು, ಎಲುಬು ಕೂಡಿಕೊಂಡ ಮೇಲೆ ಹಲ್ಲಿನ ಸಾಲನ್ನು ಅವುಗಳ ಮೇಲೆ ಬಿಗಿದರು. ೨೦೦೬ರಲ್ಲಿ ಆತ ತೀರಿಕೊಳ್ಳುವವರೆಗೆ, ನಲವತ್ತು ವರ್ಷಗಳಿಗೂ ಮಿಗಿಲಾಗಿ, ಆ ನಾಲ್ಕು ಬೇರುಗಳೂ ಕೆಲಸ ಮಾಡಿದುವು.

ಆದರೂ ವಿದ್ವಾಂಸರು ಬೇಗ ಒಪ್ಪಲಿಲ್ಲ. ಸ್ವದೇಶದ ದಂತವೈದ್ಯರೇ ಬ್ರೋನೆಮಾರ್ಕನನ್ನು ಹೊರಗಿನವನೆಂದು ಕಂಡರು. ೧೯೭೭ರಲ್ಲಿ ಆತ ಹತ್ತು ವರ್ಷಗಳ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ೧೯೮೨ರಲ್ಲಿ ಜಾರ್ಜ್ ಜಾರ್ಬ್ ಎಂಬ ಪ್ರಾಧ್ಯಾಪಕರು ಕೆನಡಾದ ಟೊರಾಂಟೋ ನಗರದಲ್ಲಿ ಕೂಡಿಸಿದ ಸಮ್ಮೇಳನದ ಅನಂತರ ಹೊರದೇಶಗಳು ಕಣ್ತೆರೆದುವು. ಎಲುಬು ಒಪ್ಪುವುದಕ್ಕೆ ಆರು ತಿಂಗಳು ಸಾಕಾಯಿತು. ಪಂಡಿತರು ಒಪ್ಪುವುದಕ್ಕೆ ಹದಿನೇಳು ವರ್ಷ ಬೇಕಾಯಿತು! ಈ ಕೂಡಿಕೆಗೆ ಆತ ಇಟ್ಟ ಹೆಸರು ‘ಆಸಿಯೋ ಇಂಟಿಗ್ರೇಷನ್’. ಅದರ ಮೊದಲ ಭಾಗ ಲ್ಯಾಟಿನ್ನಿನ ‘ಓಸ್’. ಅದು ನಮ್ಮ ‘ಅಸ್ಥಿ’ ಶಬ್ದದ ಜ್ಞಾತಿ. ನಾವು ಅಸ್ಥಿಸಂಯೋಗವೆಂದರೆ ಅರ್ಥ ಕೆಡದು.

ಮುಂದೆ ವಿದ್ಯೆ ಇನ್ನೂ ಸುಲಭವಾಯಿತು. ಪೋರ್ಚುಗಲ್ಲಿನ ಪಾಉಲೋ ಮಾಲೋ ಎಂಬ ವೈದ್ಯನು ೨೦೦೩ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಕ್ರಮದಲ್ಲಿ, ಒಂದು ದವಡೆಯ ಎಲ್ಲ ಹಲ್ಲುಗಳ ಭಾರವನ್ನೂ ನಾಲ್ಕೇ ಇಂಪ್ಲಾಂಟುಗಳು ಹೊರುತ್ತವೆ. ಮುಂದಿನ ಎರಡು ನೆಟ್ಟಗೆ. ಹಿಂದಿನ ಎರಡು, ಎಲುಬು ಕಡಮೆಯಿರುವ ಜಾಗವನ್ನೂ ನರವನ್ನೂ ತಪ್ಪಿಸುವಂತೆ ಓರೆಯಾಗಿ. ನಾಲ್ಕೂ ಬಿಗಿಯಾಗಿ ಕೂತರೆ ಅವನ್ನು ಒಂದಕ್ಕೊಂದು ಕಟ್ಟಿ ಅಂದೇ ತಾತ್ಕಾಲಿಕ ಹಲ್ಲುಗಳನ್ನು ಕೂಡಿಸಬಹುದು. ಕಾಯುವ ನಿಯಮ ಇದರಿಂದ ಸುಳ್ಳಾಗಲಿಲ್ಲ. ಎಲುಬಿಗೆ ಬೇಕಾದದ್ದು ಅಲುಗಾಟವಿಲ್ಲದ ನೆಮ್ಮದಿ. ಹಲ್ಲು ಅಂದೇ ಬಂದರೂ ಕೆಲವು ತಿಂಗಳು ಮೆತ್ತನೆಯ ಊಟವೇ ಗತಿ.

ವಾಚಕರೆ, ಎಲ್ಲರೂ ನಾಳೆಯೇ ಇಂಪ್ಲಾಂಟಿಗೆ ಹೊರಡಿರೆಂದು ನಾನು ಹೇಳುತ್ತಿಲ್ಲ. ಖರ್ಚು ಸೆಟ್ಟಿಗಿಂತ ಬಹಳ ಹೆಚ್ಚು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇವೆರಡೂ ಎಲುಬಿನ ಕೂಡಿಕೆಗೆ ಶತ್ರುಗಳು. ನೆಟ್ಟ ಬೇರಿಗೆ ಹುಳುಕು ಹಿಡಿಯದು, ನಿಜ. ಆದರೆ ಶುಚಿ ತಪ್ಪಿದರೆ ಸುತ್ತಲಿನ ಒಸಡು ಬೀಗಿ ಎಲುಬು ಕರಗುತ್ತದೆ, ಅದೂ ಅನೇಕ ವೇಳೆ ನೋವಿನ ಸೂಚನೆಯೇ ಇಲ್ಲದೆ. ಕೈ ಬಿಗಿಯಿರುವವರಿಗೆ ಇನ್ನೊಂದು ದಾರಿಯೂ ಉಂಟು. ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟುಗಳನ್ನು ನೆಟ್ಟು, ಷರಟಿನ ಒತ್ತುಗುಂಡಿಯಂತೆ ಸೆಟ್ಟನ್ನು ಅವುಗಳಿಗೆ ಸಿಕ್ಕಿಸುವುದು. ೨೦೦೨ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು, ಹಲ್ಲೆಲ್ಲ ಹೋದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿದರು. ನಿಮ್ಮ ದವಡೆಗೆ ಯಾವುದು ಹೊಂದುವುದೆಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ದಂತವೈದ್ಯರು.

ನನಗೆ ಉಳಿದಿರುವ ಕೊರಗು ಒಂದೇ. ೧೯೮೮ರ ಆ ಶ್ರಾವಣದಲ್ಲಿ ಗುರುಗಳು ಪುಸ್ತಕ ಮುಚ್ಚಿದಾಗ, ದೂರದ ಸ್ವೀಡನ್ನಿನಲ್ಲಿ ಲಾರ್ಸನ್ ಇಪ್ಪತ್ತಮೂರು ವರ್ಷಗಳಿಂದ ನೆಟ್ಟ ಹಲ್ಲಿನಿಂದಲೇ ಉಣ್ಣುತ್ತಿದ್ದ, ಮಾತಾಡುತ್ತಿದ್ದ. ಸುದ್ದಿ ನಮ್ಮೂರನ್ನು ಮುಟ್ಟಿರಲಿಲ್ಲ. ಆಮೇಲೆ ಸಂಜೆಯ ಹೊತ್ತು ಅವರ ಮನೆಯ ಜಗಲಿಯಲ್ಲಿ ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. “ನೀನು ಓದಪ್ಪಾ, ನನಗೆ ಕೇಳುವುದೇ ಸುಖ” ಎಂದಿದ್ದರು. ನಾನು ಥಕಾರವನ್ನು ತಕಾರವಾಗಿ ಓದಿದರೆ ಕೈಯೆತ್ತಿ ತಡೆಯುತ್ತಿದ್ದರು. ಮತ್ತೆ ಓದುತ್ತಿದ್ದೆ; ಸರಿಹೋದರೆ ಕೈ ಕೆಳಗಿಳಿಯುತ್ತಿತ್ತು. ತಾವು ಮಾತ್ರ ಒಮ್ಮೆಯೂ ಆ ಅಕ್ಷರವನ್ನು ಉಚ್ಚರಿಸಿ ತೋರಿಸಲಿಲ್ಲ.

ನಿಮ್ಮ ಮನೆಯಲ್ಲಿಯೂ ಈಚೆಗೆ ಮಾತು ಕಡಮೆ ಮಾಡಿದ, ನಗುವಾಗ ಬಾಯಿಗೆ ಸೆರಗನ್ನೋ ಕೈಯನ್ನೋ ಅಡ್ಡ ಹಿಡಿಯುವ ಹಿರಿಯರಿರಬಹುದು. ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಒಮ್ಮೆ ಕೇಳಿ ನೋಡಿ. ಕಾರಣ ಹಲ್ಲೇ ಇದ್ದೀತು.