ಭಾರವನ್ನರಿತ ವಾಯು

1869ರ ಮೇ 10ರಂದು ಯೂಟಾದ ಪ್ರಾಮಂಟರಿ ಎಂಬಲ್ಲಿ ಚಿನ್ನದ ಮೊಳೆಯೊಂದನ್ನು ಹಳಿಗಿಟ್ಟು ಅಮೆರಿಕ ಖಂಡದ ಎರಡು ಸಾಗರತೀರಗಳನ್ನು ರೈಲುಮಾರ್ಗದಿಂದ ಬೆಸೆದರು. ನಾಲ್ಕೇ ವರ್ಷಗಳ ಹಿಂದೆ ಅಂತರ್ಯುದ್ಧದ ರಕ್ತಪಾತದಿಂದ ಮೇಲೆದ್ದಿದ್ದ ರಾಷ್ಟ್ರವೊಂದು ತನ್ನ ಮಹತ್ವಾಕಾಂಕ್ಷೆಯ ಪತಾಕೆಯನ್ನು ಪರ್ವತಶ್ರೇಣಿಗಳಾಚೆಗೆ ಹಾರಿಸಿದ ದಿನವದು. ಆದರೆ ಆ ಮಹಾಮಾರ್ಗದಲ್ಲಿ ಓಡಲಿದ್ದ ಗೂಡ್ಸ್ ರೈಲುಗಳನ್ನು ನಿಲ್ಲಿಸುವ ವಿದ್ಯೆ ಇನ್ನೂ ಶೈಶವದಲ್ಲಿತ್ತು. ಎಂಜಿನ್ನಿನ ಸಿಳ್ಳೆ ಕೇಳಿದೊಡನೆ ಬ್ರೇಕ್‌ಮನ್ನರು ಓಡುತ್ತಿರುವ ವ್ಯಾಗನ್ನುಗಳ ನೆತ್ತಿಗೇರಿ, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ಪ್ರತಿಯೊಂದರ ಮೇಲಿದ್ದ ಕೈಚಕ್ರದ ಕಡ್ಡಿಗಳ ನಡುವೆ ದೊಣ್ಣೆ ತೂರಿಸಿ ಮೀಟಿ ಬಿಗಿಯಬೇಕಿತ್ತು. ಹಿಮ ಹೆಪ್ಪುಗಟ್ಟಿದ ರಾತ್ರಿಯಲ್ಲಿ, ಕಾಲಡಿಯ ಹಲಗೆ ಗಾಜಿನಂತೆ ಜಾರುವಾಗಲೂ ಆ ಕರ್ತವ್ಯಕ್ಕೆ ವಿನಾಯಿತಿ ಇರಲಿಲ್ಲ. ಯುದ್ಧಭೂಮಿಯಲ್ಲಿ ಮಡಿದವರಿಗೆ ಶಿಲಾಶಾಸನಗಳು ನಿಂತವು. ವ್ಯಾಗನ್ನುಗಳ ನಡುವೆ ಬಿದ್ದು ಮಡಿದ ಈ ಶ್ರಮವೀರರ ಹೆಸರುಗಳು ಕಂಪನಿಗಳ ಲೆಕ್ಕದ ಪುಸ್ತಕಗಳಲ್ಲಿಯೇ ಕರಗಿಹೋದವು.

ಚಿನ್ನದ ಮೊಳೆಯ ಉತ್ಸವಕ್ಕೆ ಒಂದು ತಿಂಗಳೂ ಇರದಾಗ, ಏಪ್ರಿಲ್ 13ರಂದು, ಇಪ್ಪತ್ತೆರಡು ವರ್ಷದ ತರುಣನೊಬ್ಬ ವಾಯುಬ್ರೇಕಿನ ಪೇಟೆಂಟ್ ಪಡೆದಿದ್ದ. ನ್ಯೂಯಾರ್ಕ್ ಪ್ರಾಂತದಲ್ಲಿ ಜನಿಸಿ, ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ, ಪಿಟ್ಸ್‌ಬರ್ಗಿನಲ್ಲಿ ನೆಲೆಯೂರಿದ ಜಾರ್ಜ್ ವೆಸ್ಟಿಂಗ್‌ಹೌಸ್ ಆತ. ಆಲ್ಪ್ಸ್ ಪರ್ವತದ ಮಾಂಟ್ ಸೆನಿಸ್ ಸುರಂಗವನ್ನು ಕೊರೆಯುವವರು ಸಂಕುಚಿತ ವಾಯುವನ್ನು ಕೊಳವೆಗಳಲ್ಲಿ ಬಹುದೂರ ಸಾಗಿಸಿ ಬೈರಿಗೆಗಳನ್ನು ನಡೆಸುತ್ತಿದ್ದಾರೆಂಬ ಸುದ್ದಿಯನ್ನು ಆತ ಪತ್ರಿಕೆಯೊಂದರಲ್ಲಿ ಓದಿದ್ದ. ಬಂಡೆಯನ್ನು ಸೀಳಬಲ್ಲ ಗಾಳಿ ಗಾಲಿಯನ್ನು ಹಿಡಿಯಲಾರದೆ ಎಂಬ ಪ್ರಶ್ನೆಯೇ ಒಂದು ಯುಗದ ಬೀಜವಾಯಿತು. ಅದೇ ವರ್ಷ ಪಿಟ್ಸ್‌ಬರ್ಗಿನಲ್ಲಿ ನಡೆದ ಪರೀಕ್ಷೆಯಲ್ಲಿ ರೈಲು ಸುರಂಗದಿಂದ ಹೊರಬರುತ್ತಿದ್ದಂತೆ ಹಳಿಯ ಮೇಲೆ ಕುದುರೆಗಾಡಿಯೊಂದು ಅಡ್ಡ ನಿಂತಿತ್ತು. ಚಾಲಕ ಡೇನಿಯಲ್ ಟೇಟ್ ಹಿಡಿಕೆ ತಿರುಗಿಸಿದ. ಗಾಡಿಗೆ ಕೆಲವೇ ಅಡಿಗಳ ಅಂತರದಲ್ಲಿ ರೈಲು ನಿಂತಿತು. ಆದರೂ ಈ ಮೊದಲ ಬ್ರೇಕಿಗೆ ಒಂದು ಶಾಪವಿತ್ತು: ಕೊಳವೆ ಒಡೆದರೆ, ಕೊಂಡಿ ಕಳಚಿದರೆ, ಗಾಳಿಯೊಡನೆ ಬ್ರೇಕಿನ ಪ್ರಾಣವೂ ಹೋಗುತ್ತಿತ್ತು. 1872ರಲ್ಲಿ ವೆಸ್ಟಿಂಗ್‌ಹೌಸ್ ತನ್ನ ವ್ಯವಸ್ಥೆಯನ್ನೇ ತಲೆಕೆಳಗು ಮಾಡಿದ. ಪ್ರತಿ ಬಂಡಿಗೂ ಸ್ವಂತ ವಾಯುಭಂಡಾರವನ್ನೂ ಟ್ರಿಪಲ್ ವಾಲ್ವ್ ಎಂಬ ಕವಾಟವನ್ನೂ ಕೊಟ್ಟು, ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುವಂತೆ, ಒತ್ತಡ ಕುಸಿದೊಡನೆ ತಾನಾಗಿ ಹಿಡಿಯುವಂತೆ ಮಾಡಿದ. ಅಂದಿನಿಂದ ಕೊಂಡಿ ಕಳಚಿದ ರೈಲು ತನ್ನನ್ನು ತಾನೇ ನಿಲ್ಲಿಸಿಕೊಳ್ಳತೊಡಗಿತು. ಇಂದಿಗೂ ಜಗತ್ತಿನ ರೈಲುಗಳ ಬಹುಪಾಲು ವಾಯುಬ್ರೇಕುಗಳು ಇದೇ ತತ್ತ್ವವನ್ನು ಪಾಲಿಸುತ್ತಿವೆ.

ಪ್ರಯಾಣಿಕರ ರೈಲುಗಳು ಬೇಗನೆ ಈ ಹೊಸ ಪ್ರಭುತ್ವಕ್ಕೆ ಶರಣಾದವು. ಗೂಡ್ಸ್ ರೈಲುಗಳ ಸಾಮ್ರಾಜ್ಯ ಶರಣಾಗಲಿಲ್ಲ. ಅದನ್ನು ಗೆಲ್ಲಲು ನಡೆದ ದಂಡಯಾತ್ರೆಯೇ ಬರ್ಲಿಂಗ್ಟನ್ ಪರೀಕ್ಷೆಗಳು. 1886 ಮತ್ತು 1887ರಲ್ಲಿ ಅಯೋವಾದ ಬರ್ಲಿಂಗ್ಟನ್ ಬಳಿಯ ಇಳಿಜಾರಿನಲ್ಲಿ ಐವತ್ತು ವ್ಯಾಗನ್ನುಗಳ ರೈಲುಗಳನ್ನು ಓಡಿಸಿ, ಸ್ಪರ್ಧೆಗಿಳಿದ ಬ್ರೇಕುಗಳನ್ನು ಒರೆಗೆ ಹಚ್ಚಿದರು. ಮುಂದಿನ ವ್ಯಾಗನ್ನು ಬ್ರೇಕು ಹಿಡಿದು ನಿಧಾನವಾಗುತ್ತಿದ್ದರೆ, ಗಾಳಿಯ ಸಂದೇಶ ಇನ್ನೂ ತಲುಪದ ಹಿಂದಿನ ವ್ಯಾಗನ್ನುಗಳು ಪೂರ್ಣ ವೇಗದಲ್ಲಿ ಬಂದು ಢಿಕ್ಕಿ ಹೊಡೆಯುತ್ತಿದ್ದವು. ಕೊನೆಯ ಬಂಡಿಯಲ್ಲಿದ್ದವರು ನೆಲಕ್ಕೆ ಬೀಳುವಂಥ ಆಘಾತ. ಉದ್ದದ ಗೂಡ್ಸ್ ರೈಲಿಗೆ ಕೇವಲ ಗಾಳಿ ಸಾಲದು, ವಿದ್ಯುತ್ತಿನ ನೆರವು ಅನಿವಾರ್ಯ ಎಂಬುದು ಪರೀಕ್ಷಕರ ಅಭಿಪ್ರಾಯವಾಯಿತು. ಸೋತ ಸೇನಾನಿ ವೆಸ್ಟಿಂಗ್‌ಹೌಸ್ ಪಿಟ್ಸ್‌ಬರ್ಗಿಗೆ ಮರಳಿದ; ಕೆಲವೇ ತಿಂಗಳುಗಳಲ್ಲಿ, ಪ್ರತಿ ವ್ಯಾಗನ್ನೂ ತನ್ನ ಬಳಿಯೇ ಕೊಳವೆಯ ಗಾಳಿಯನ್ನು ಹೊರಬಿಟ್ಟು ಹಿಂದಿನದಕ್ಕೆ ಆಜ್ಞೆ ದಾಟಿಸುವ ಶೀಘ್ರಗಾಮಿ ಕವಾಟದೊಡನೆ ಹಿಂದಿರುಗಿದ. 1887ರ ಶರತ್ಕಾಲದಲ್ಲಿ ಐವತ್ತು ವ್ಯಾಗನ್ನುಗಳ ರೈಲು ಆಘಾತವಿಲ್ಲದೆ ನಿಂತಿತು. ನನ್ನ ಮಟ್ಟಿಗೆ, ಆ ಶತಮಾನದ ಯಾವ ಯುದ್ಧವಿಜಯಕ್ಕೂ ಇದು ಕಡಿಮೆಯಲ್ಲ.

ಯಂತ್ರ ಗೆದ್ದರೂ ಧನ ಗೆಲ್ಲಬೇಕಿತ್ತು. ಲಕ್ಷಾಂತರ ವ್ಯಾಗನ್ನುಗಳಿಗೆ ಬ್ರೇಕು ಜೋಡಿಸುವ ವೆಚ್ಚಕ್ಕೆ ಕಂಪನಿಗಳು ಹಿಂಜರಿದವು. ಅಯೋವಾದ ರೈತ ಲೊರೆಂಜೊ ಕಾಫಿನ್, ಬ್ರೇಕ್‌ಮನ್ ಒಬ್ಬನ ಬೆರಳುಗಳು ಕೊಂಡಿಗಳ ನಡುವೆ ಸಿಕ್ಕಿ ಹೋದುದನ್ನು ಕಣ್ಣಾರೆ ಕಂಡವನು, ಈ ಕಾರ್ಯವನ್ನು ಜೀವನವ್ರತವಾಗಿ ಸ್ವೀಕರಿಸಿದ. ಒಂದೇ ವರ್ಷದಲ್ಲಿ 2000ಕ್ಕೂ ಹೆಚ್ಚು ರೈಲು ನೌಕರರು ಸತ್ತು, 20,000ಕ್ಕೂ ಹೆಚ್ಚು ಮಂದಿ ಗಾಯಗೊಂಡರೆಂದು ರಾಷ್ಟ್ರಾಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1889ರಲ್ಲಿ ಕಾಂಗ್ರೆಸ್ಸಿಗೆ ತಿಳಿಸಿದ. 1893ರ ಮಾರ್ಚ್ 2ರಂದು ರೈಲು ಸುರಕ್ಷಾ ಕಾಯಿದೆಗೆ ಅಂಕಿತ ಹಾಕಿದವನೂ ಅವನೇ.

ಆದರೆ ಒಂದು ಶಕ್ತಿ ಉತ್ತುಂಗಕ್ಕೇರಿದಾಗಲೇ ಅದರ ದೌರ್ಬಲ್ಯ ಬೆಳಕಿಗೆ ಬರುತ್ತದೆ. ವಾಯುಬ್ರೇಕಿನ ಪ್ರಭುತ್ವ ಭೂಮಂಡಲವನ್ನು ಆವರಿಸಿದಂತೆ ಹೊಸ ಶತ್ರುವೊಂದು ಅದರ ಎದುರು ನಿಂತಿತು. ಆ ಶತ್ರುವಿನ ಹೆಸರು ಭಾರ. ಗಾಲಿಗೂ ಹಳಿಗೂ ನಡುವಿನ ಹಿಡಿತ ಮೇಲಿನ ಭಾರವನ್ನು ಅವಲಂಬಿಸಿದೆ. ಬ್ರೇಕಿನ ಬಲ ಆ ಹಿಡಿತವನ್ನು ಮೀರಿದರೆ ಗಾಲಿ ಉರುಳುವುದನ್ನು ಬಿಟ್ಟು ಹಳಿಯ ಮೇಲೆ ಜಾರುತ್ತದೆ. ಜಾರಿದ ಜಾಗ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಆ ಚಪ್ಪಟೆ ಹಳಿಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ಆದ್ದರಿಂದ ಬ್ರೇಕಿನ ಬಲವನ್ನು ಖಾಲಿ ವ್ಯಾಗನ್ನಿನ ತೂಕಕ್ಕೆ ತಕ್ಕಂತೆ ನಿಗದಿ ಮಾಡಬೇಕಾಯಿತು. ನಮ್ಮ ಭಾರತೀಯ ರೈಲ್ವೆಯ ಬಾಕ್ಸ್‌ಎನ್ ಎಂಬ ಗೂಡ್ಸ್ ವ್ಯಾಗನ್ನನ್ನೇ ತೆಗೆದುಕೊಳ್ಳೋಣ. ಖಾಲಿಯಾಗಿ ಅದರ ತೂಕ ಸುಮಾರು 22.5 ಟನ್, ತುಂಬಿದಾಗ 81.28 ಟನ್. ಖಾಲಿ ತೂಕದ ನೂರಕ್ಕೆ 70ರಷ್ಟು ಬಲವನ್ನು ಬ್ರೇಕಿಗೆ ಕೊಟ್ಟೆವೆನ್ನೋಣ. ಅದೇ ಬಲ ತುಂಬಿದ ವ್ಯಾಗನ್ನಿಗೆ ನೂರಕ್ಕೆ 20ರಷ್ಟೂ ಆಗದು. ಹಗುರ ರೈಲು ಮಾತು ಕೇಳುತ್ತದೆ. ಅದಿರು ಹೊತ್ತ ರೈಲು ಘಾಟಿಯಲ್ಲಿ ಕೇಳುವುದಿಲ್ಲ. ಬೆಳೆಯ ಆರನೆಯ ಒಂದು ಪಾಲನ್ನು ಕಂದಾಯವಾಗಿ ಪಡೆಯುತ್ತಿದ್ದ ನಮ್ಮ ಪೂರ್ವಜ ಅರಸರು ಬೆಳೆದಷ್ಟನ್ನು ನೋಡಿ ಪಾಲು ಕಟ್ಟುತ್ತಿದ್ದರು. ಹಳೆಯ ವಾಯುಬ್ರೇಕು ಹೊತ್ತ ಹೊರೆಯನ್ನು ನೋಡದೆ ಎಲ್ಲ ವ್ಯಾಗನ್ನುಗಳಿಗೂ ಒಂದೇ ತೆರಿಗೆ ಹಾಕುತ್ತಿತ್ತು.

ಈ ಅನ್ಯಾಯದ ನಿವಾರಣೆಗೆ ಯುರೋಪು ಮೊದಲು ಕೈಚಾಚಿದ್ದು ಮನುಷ್ಯನ ಕಡೆಗೆ. ಮೊದಲ ಮಹಾಯುದ್ಧದ ಅಂತ್ಯಕಾಲದಲ್ಲಿ ಜರ್ಮನಿಯ ಗೂಡ್ಸ್ ವ್ಯಾಗನ್ನುಗಳಿಗೆ ಕುಂಜೆ-ಕ್ನೋರ್ ಬ್ರೇಕು ಬಂದಿತು. ಖಾಲಿ ಮತ್ತು ತುಂಬಿದ ಸ್ಥಿತಿಗಳ ನಡುವೆ ಬದಲಿಸುವ ಹಿಡಿಕೆ ವ್ಯಾಗನ್ನುಗಳ ಪಾರ್ಶ್ವದಲ್ಲಿ ಬೇರೂರಿತು. ಅಮೆರಿಕದಲ್ಲಿ ಅಂಥ ವ್ಯವಸ್ಥೆ ದೀರ್ಘಕಾಲ ವಿರಳವಾಗಿಯೇ ಉಳಿಯಿತು. ಹಗುರ ಅಲ್ಯೂಮಿನಿಯಂ ದೇಹದ ಕಲ್ಲಿದ್ದಲು ವ್ಯಾಗನ್ನುಗಳು ಬಂದು, ಖಾಲಿಗೂ ತುಂಬಿದ್ದಕ್ಕೂ ನಡುವಿನ ಅಂತರ ನಾಲ್ಕು ಪಟ್ಟನ್ನು ದಾಟಿದ ಮೇಲೆ ಅದನ್ನು ತಡೆಯಲು ಯಾರಿಗೂ ಸಾಧ್ಯವಾಗಲಿಲ್ಲ.

ಭಾರತದಲ್ಲಿ ದೀರ್ಘಕಾಲ ಆಳಿದ್ದು ವ್ಯಾಕ್ಯೂಮ್ ಬ್ರೇಕು. ನಿರ್ವಾತವನ್ನೇ ಆಧರಿಸಿದ ಆ ವ್ಯವಸ್ಥೆ ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಬಲವನ್ನು ಎಂದಿಗೂ ತರಲಾರದು. ರೈಲು ಉದ್ದವಾದಷ್ಟೂ ಅದರ ಕೊನೆಯ ಬಂಡಿಗಳು ದುರ್ಬಲವಾಗುತ್ತಿದ್ದವು. 1980ರ ದಶಕದಲ್ಲಿ ಬಾಕ್ಸ್‌ಎನ್ ವ್ಯಾಗನ್ನುಗಳೊಡನೆ ವಾಯುಬ್ರೇಕು ಪಟ್ಟವೇರಿತು. ಅವುಗಳಲ್ಲಿ ಖಾಲಿ-ಲೋಡ್ ಹಿಡಿಕೆಯಿತ್ತು: ಒಟ್ಟು ತೂಕ 42.5 ಟನ್ ದಾಟಿದರೆ ಹಿಡಿಕೆಯನ್ನು ಲೋಡ್ ಸ್ಥಾನಕ್ಕೆ ತಿರುಗಿಸಬೇಕೆಂಬುದು ನಿಯಮ. ಯಾರ್ಡಿನ ಬಿಸಿಲಿನಲ್ಲಿ, ಮಳೆಯಲ್ಲಿ, ಐವತ್ತಕ್ಕೂ ಹೆಚ್ಚು ವ್ಯಾಗನ್ನುಗಳ ಹಿಡಿಕೆಗಳನ್ನು ಒಂದೊಂದಾಗಿ ತಿರುಗಿಸುತ್ತ ನಡೆಯುವ ನೌಕರನ ಕೈ ಒಂದನ್ನು ಮರೆತರೆ, ತುಂಬಿದ ವ್ಯಾಗನ್ನು ದುರ್ಬಲ ಬ್ರೇಕಿನೊಡನೆ ಘಾಟಿಗಿಳಿಯುತ್ತಿತ್ತು, ಇಲ್ಲವೆ ಖಾಲಿ ವ್ಯಾಗನ್ನಿನ ಗಾಲಿ ಚಪ್ಪಟೆಯಾಗುತ್ತಿತ್ತು. ಕ್ಯಾಸಲ್‌ರಾಕಿನಿಂದ ಕುಲೆಮಿಗಿಳಿಯುವ ಬ್ರಗಾಂಜಾ ಘಾಟಿಯ ಇಳಿಜಾರು 37ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕಿಳಿಯುವ ಘಾಟಿಯದು 50ಕ್ಕೆ 1. ಹೊಸಪೇಟೆ, ಬಳ್ಳಾರಿಗಳ ಅದಿರು ಈ ಘಾಟಿಗಳನ್ನೇ ಇಳಿದು ಬಂದರುಗಳನ್ನು ಸೇರಿದೆ. ಅಲ್ಲಿ ತಪ್ಪಾಗಿ ನಿಂತ ಒಂದು ಹಿಡಿಕೆಯ ಅರ್ಥ ಏನೆಂದು ಲೋಕೋ ಪೈಲಟ್‌ಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಕಡೆಗೆ ಆ ಹಿಡಿಕೆಯ ಜಾಗಕ್ಕೆ ಲೋಡ್ ಸೆನ್ಸಿಂಗ್ ಡಿವೈಸ್, ರೈಲ್ವೆಯವರ ಬಾಯಲ್ಲಿ ಎಲ್‌ಎಸ್‌ಡಿ, ಬಂದಿತು. ವ್ಯಾಗನ್ನಿನ ಚೌಕಟ್ಟಿನಿಂದ ಒಂದು ತೋಳು, ಗಾಲಿಗಳನ್ನು ಹಿಡಿದಿರುವ ಬೋಗಿಯತ್ತ ಚಾಚಿರುತ್ತದೆ. ಅದಿರು ಬಿದ್ದಂತೆ ಸ್ಪ್ರಿಂಗುಗಳು ಕುಗ್ಗಿ, ಚೌಕಟ್ಟು ಕೆಳಗಿಳಿದು, ತೋಳಿಗೂ ಬೋಗಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಆ ಅಂತರವನ್ನು ಓದಿ ಕವಾಟ ತೀರ್ಮಾನಿಸುತ್ತದೆ. ಪೂರ್ಣ ಬ್ರೇಕಿನಲ್ಲಿ ತುಂಬಿದ ವ್ಯಾಗನ್ನಿನ ಸಿಲಿಂಡರಿಗೆ ಪ್ರತಿ ಚದರ ಸೆಂಟಿಮೀಟರಿಗೆ 3.8 ಕಿಲೋಗ್ರಾಂ ಒತ್ತಡ, ಖಾಲಿಯದಕ್ಕೆ 2.2. ಎಂಜಿನ್ನಿನಿಂದ ಹೊರಟ ಆಜ್ಞೆ ಒಂದೇ. ಅದನ್ನು ಪ್ರತಿ ವ್ಯಾಗನ್ನೂ ತನ್ನ ಹೊರೆಯನ್ನು ತೂಗಿ ಪಾಲಿಸುತ್ತದೆ.

ಲೋಂಡದಲ್ಲೋ ಹೊಸಪೇಟೆಯಲ್ಲೋ ಅದಿರಿನ ಗಾಡಿಯೊಂದು ಪಕ್ಕದ ಹಳಿಯಲ್ಲಿ ನಿಂತಿದ್ದರೆ, ಪ್ಲಾಟ್‌ಫಾರ್ಮಿನಿಂದಲೇ ಒಮ್ಮೆ ಬಾಗಿ, ಚೌಕಟ್ಟಿನಿಂದ ಬೋಗಿಯತ್ತ ಚಾಚಿರುವ ಆ ಕಬ್ಬಿಣದ ತೋಳನ್ನು ಹುಡುಕಿ ನೋಡಿ. ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಿ, ವೆಸ್ಟಿಂಗ್‌ಹೌಸ್ ಮತ್ತು ಕಾಫಿನ್ ಎಂಬ ಎರಡು ಹೆಸರುಗಳನ್ನು ಹೇಳಿಕೊಡಿ. ಅರಸರ ಹೆಸರುಗಳನ್ನು ಕಲಿತ ಮಕ್ಕಳಿಗೆ ಇವೂ ತಿಳಿದಿರಬೇಕು.